ಟರ್ಬೊ ಜೀಪಿನ ಜಮಾಖರ್ಚು

ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಿ.ಕಾಂ. ಮುಗಿಸಿ 1974ರಲ್ಲಿ ಸೇರಿದೆ, 2011ರಲ್ಲಿ ನಿವೃತ್ತನಾದೆ. ತೀರ್ಥಹಳ್ಳಿ, ಹೊಸನಗರ, ಸಾಗರ – ಈ ಮೂರು ಊರುಗಳ ಶಾಖೆಗಳಲ್ಲೇ ನನ್ನ ಸರ್ವೀಸು ಮುಗಿಯಿತು. ಕಂಪ್ಯೂಟರ್ ಬರುವ ಮೊದಲಿನ ಕಾಲದಲ್ಲಿ ಸಂಜೆ ಲೆಕ್ಕ ಹತ್ತು ಪೈಸೆ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುವಂತಿರಲಿಲ್ಲ. ಎಲ್ಲ ವೋಚರುಗಳನ್ನೂ ಮತ್ತೆ ಹರಡಿಕೊಂಡು, ಹತ್ತು ಪೈಸೆ ಎಲ್ಲಿ ಅಡಗಿದೆ ಎಂದು ರಾತ್ರಿ ಒಂಬತ್ತರವರೆಗೆ ಹುಡುಕಿದ್ದುಂಟು.

ಇಂಥ ನಾನು ಹನ್ನೆರಡು ವರ್ಷ ಕಾಲ ತಾಳೆಯಾಗದ ಲೆಕ್ಕವೊಂದನ್ನು ಮನೆಯ ಅಂಗಳದಲ್ಲೇ ನಿಲ್ಲಿಸಿಕೊಂಡಿದ್ದೆ. ಅದಕ್ಕೆ ನಾಲ್ಕು ಚಕ್ರಗಳಿದ್ದವು, ಮುಂದೆ ಎರಡು ದುಂಡು ಕಣ್ಣುಗಳಿದ್ದವು, ಏರಿನಲ್ಲಿ ಶಿಳ್ಳೆ ಹೊಡೆಯುವ ಒಂದು ಟರ್ಬೊ ಎಂಜಿನ್ ಇತ್ತು. ಅದು ನನ್ನ ಜೀಪು.

ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರುಗಳನ್ನು ಮಕ್ಕಳಂತೆ ಸಾಕುವ ಜನ ಯೂರೋಪು, ಅಮೆರಿಕದಲ್ಲಿ ಬಹಳ ಇದ್ದಾರೆ. ಆದರೆ ನಮ್ಮ ಸಾಗರದ ಸೀಮೆಗೆ ಪೋರ್ಷೆ ಕಾರು ಬಂದರೂ ಜೂನ್ ತಿಂಗಳಲ್ಲಿ ತೋಟದ ದಾರಿಯ ಮೊದಲ ಕೆಸರಿನಲ್ಲೇ ಹೂತು ಕೂರಬೇಕಷ್ಟೆ. ಮಲೆನಾಡಿನವರಿಗೆ ಸ್ಪೋರ್ಟ್ಸ್ ಕಾರೂ ಜೀಪೇ, ಲಾರಿಯೂ ಜೀಪೇ, ಆಂಬುಲೆನ್ಸೂ ಜೀಪೇ. ಕೊಡಚಾದ್ರಿಯ ತುದಿಗೆ ಪ್ರವಾಸಿಗರನ್ನು ಹತ್ತಿಸುವುದು ಇಂದಿಗೂ ಜೀಪೇ. ಹಾಗಾಗಿ ನನ್ನ ಕಥೆಯೂ ಜೀಪಿನದೇ.

ಎತ್ತರದ ಮೂತಿಯ ಗಾಡಿ

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕಾಯಿತು. ಹಾಗೆ ಹುಟ್ಟಿದ್ದು ಜೀಪು. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯವರು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರು ಮಾಡಿದರು. ಮುಂದೆ ಅವರು ಮಾಡಿದ ‘ಸಿಜೆ-3ಬಿ’ ಎಂಬ ಮಾದರಿಯೇ ನಮ್ಮ ಹಳ್ಳಿಗಳಲ್ಲೆಲ್ಲ ಓಡಾಡಿದ ಎತ್ತರದ ಮೂತಿಯ ಜೀಪು. ಅಮೆರಿಕದಲ್ಲಿ 1968ಕ್ಕೆ ಇದರ ತಯಾರಿಕೆ ನಿಂತರೂ ಇಲ್ಲಿ ಆಮೇಲೂ ಬಹಳ ವರ್ಷ ನಡೆಯಿತು.

ಮೂತಿ ಯಾಕೆ ಅಷ್ಟು ಎತ್ತರ ಎಂದು ಮಕ್ಕಳು ಕೇಳುವುದುಂಟು. ಅದರೊಳಗಿನ ‘ಹರಿಕೇನ್’ ಎಂಬ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವುಗಳು ಸಿಲಿಂಡರಿನ ತಲೆಯ ಮೇಲಿವೆ, ಹೊಗೆ ಹೊರಬಿಡುವ ವಾಲ್ವುಗಳು ಪಕ್ಕದಲ್ಲಿ ಕೆಳಗಿವೆ. ಹಾಗಾಗಿ ಎಂಜಿನ್ ಹಿಂದಿನದಕ್ಕಿಂತ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು. ಚೆಂದಕ್ಕಾಗಿ ಮಾಡಿದ್ದಲ್ಲ.

ನನ್ನದು 1969ರ ಗಾಡಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಬ್ಬ ಅಡಿಕೆ ತೋಟದವರಿಂದ 1989ರಲ್ಲಿ 38,000 ರೂಪಾಯಿಗೆ ಕೊಂಡೆ. ಗುಮಾಸ್ತನಿಗೆ ಜೀಪು ಯಾಕೆ ಎಂದು ಮ್ಯಾನೇಜರೇ ನಕ್ಕಿದ್ದರು. ಆದರೆ ಸಾಗರದಿಂದ ಹೊಸನಗರದ ದಾರಿಯಲ್ಲಿ ಒಳಗೆ ಐದು ಮೈಲಿ ಇರುವ ನಮ್ಮ ಮನೆಗೆ ಆಗ ಮಳೆಗಾಲದಲ್ಲಿ ಬೇರೆ ಯಾವ ಗಾಡಿಯೂ ಬರುತ್ತಿರಲಿಲ್ಲ. ಅಡಿಕೆ ಮೂಟೆ, ಗೊಬ್ಬರ, ಹೆರಿಗೆಗೆ ಹೋಗುವ ಹೆಣ್ಣುಮಕ್ಕಳು, ಮದುವೆಯ ಪಾತ್ರೆ ಪಡಗ ಎಲ್ಲವೂ ಅದರಲ್ಲೇ. ಅಂಬಾರಗೋಡ್ಲಿನಲ್ಲಿ ಲಾಂಚು ಹತ್ತಿ ಶರಾವತಿಯ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ.

ಗೇರು ಮೂರೇ. ಗಾಡಿ ಓಡುತ್ತಿರುವಾಗ ಮೊದಲ ಗೇರಿಗೆ ಹಾಕಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಟ್ಟು, ಹಲ್ಲಿಗೆ ಹಲ್ಲು ಕೂಡುವ ಕ್ಷಣ ಕಾಯಬೇಕು. ತಪ್ಪಿದರೆ ‘ಕರ್ರ್’ ಎಂದು ಇಡೀ ಪೇಟೆ ತಿರುಗಿ ನೋಡುವ ಸದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟರ್ಬೊ ಬಂತು

ಜೀಪಿಗೆ ಒಂದೇ ದುಶ್ಚಟ. ಲೀಟರ್ ಪೆಟ್ರೋಲಿಗೆ ಏಳು ಕಿಲೋಮೀಟರ್ ಕೊಟ್ಟರೆ ಪುಣ್ಯ. 2007ರ ಹೊತ್ತಿಗೆ ಎಂಜಿನ್ ಸವೆದು ಹೊಗೆ ಕಾರತೊಡಗಿತು. ಏರಿನಲ್ಲಿ ಏದುಸಿರು. ಅದೇ ಸಮಯಕ್ಕೆ ಸಾಗರದ ನಮ್ಮ ಮೇಸ್ತ್ರಿಯ ಗ್ಯಾರೇಜಿಗೆ, ಎಲ್ಲೋ ಮಗುಚಿಬಿದ್ದು ಗುಜರಿಗೆ ಹೋದ ದೊಡ್ಡ ಗಾಡಿಯೊಂದರ ಟರ್ಬೊ ಡೀಸೆಲ್ ಎಂಜಿನ್ ಬಂದಿತ್ತು. ನೂರಕ್ಕೂ ಹೆಚ್ಚು ಅಶ್ವಶಕ್ತಿಯದು. ನನ್ನ ಹಳೆಯ ಎಂಜಿನ್ ಹೊಸದಾಗಿದ್ದಾಗಲೂ ಎಪ್ಪತ್ತರ ಆಸುಪಾಸು.

‘ಅಪ್ಪಯ್ಯ, ಇದನ್ನೇ ಹಾಕ್ಸಿ ಬಿಡು’ ಎಂದ ಮಗ. ನನಗೂ ಆಸೆ. ಐವತ್ತಾರರ ವಯಸ್ಸಿನಲ್ಲಿ ಹುಚ್ಚು ಹತ್ತಿದರೆ ಹದಿನೆಂಟರ ಹುಚ್ಚಿಗಿಂತ ಜೋರು, ಯಾಕೆಂದರೆ ಆಗ ಜೇಬಿನಲ್ಲಿ ದುಡ್ಡೂ ಇರುತ್ತದೆ.

ಟರ್ಬೊ ಅಂದರೇನು? ನಮ್ಮ ಮನೆಯ ಹಂಡೆ ಒಲೆಯನ್ನು ನೆನಪಿಸಿಕೊಳ್ಳಿ. ಸೌದೆ ಇದೆ, ಬೆಂಕಿ ಇದೆ, ಆದರೆ ಉರಿ ಏಳುತ್ತಿಲ್ಲ. ಆಗ ಊದುಕೊಳವೆಯಿಂದ ಊದುತ್ತೇವೆ. ಗಾಳಿ ಹೆಚ್ಚು ಹೋದರೆ ಉರಿ ಹೆಚ್ಚು. ಎಂಜಿನ್ನಿಗೂ ಹಾಗೆಯೇ. ಹೆಚ್ಚು ಗಾಳಿ ನುಗ್ಗಿಸಿದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಬಲ ಬರುತ್ತದೆ. ಊದುವವರು ಯಾರು ಎಂಬುದರಲ್ಲೇ ಜಾಣತನ ಇರುವುದು. ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇಡುತ್ತಾರೆ. ಹೊಗೆ ಅದನ್ನು ತಿರುಗಿಸುತ್ತದೆ. ಅದೇ ಸರಳಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಅಂದರೆ ಒಲೆಯ ಹೊಗೆಯೇ ಊದುಕೊಳವೆ ಊದಿದ ಹಾಗೆ!

ಆಲ್ಫ್ರೆಡ್ ಬೂಶಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಮೊದಲು ಹಡಗು, ವಿಮಾನ, ಲಾರಿಗಳಿಗೆ ಬಂತು. ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದ ಎರಡು ಮಾದರಿಗಳಲ್ಲಿ. ಎಪ್ಪತ್ತರ ದಶಕದಲ್ಲಿ ಬಿಎಂಡಬ್ಲ್ಯು, ಪೋರ್ಷೆ, ಸಾಬ್ ಕಂಪನಿಗಳ ಟರ್ಬೊ ಕಾರುಗಳು ಹೆಸರು ಮಾಡಿದವು. ಆ ಪುಟ್ಟ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತಬಲ್ಲದು. ಅದನ್ನು ಕಾಯುವುದು ಎಣ್ಣೆಯ ಒಂದು ತೆಳುವಾದ ಪೊರೆ ಮಾತ್ರ.

ಎಂಜಿನ್ ಕೂರಿಸಲು ಮೇಸ್ತ್ರಿಗೆ ಇಪ್ಪತ್ತೆರಡು ದಿನ ಹಿಡಿಯಿತು. ಹಳೆಯ ಗೇರ್ ಬಾಕ್ಸಿಗೆ ಹೊಸ ಎಂಜಿನ್ ಕೂಡಿಸಲು ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಲೇತಿನಲ್ಲಿ ಮಾಡಿಸಿದ. ರೇಡಿಯೇಟರ್ ಬದಲಾಯಿತು, ಸೈಲೆನ್ಸರ್ ಪೈಪು ಹೊಸ ದಾರಿ ಹಿಡಿಯಿತು. ಎಲ್ಲ ಮುಗಿದ ಮೇಲೆ ಆತ ಕೈ ಒರೆಸಿಕೊಳ್ಳುತ್ತ, ‘ಭಟ್ರೇ, ಇನ್ನೊಂದು ಹದಿನೈದು ಸಾವಿರ ಆಗ್ತದೆ, ಬ್ರೇಕೂ ಬದಲ್ಸಿ ಬಿಡುವ. ಇದು ಹಳೇ ಚಿಕ್ಕ ಡ್ರಮ್ಮು, ಬೂಸ್ಟರಿಲ್ಲ’ ಅಂದ.

ನಾನು, ‘ಬರುವ ವರ್ಷ ನೋಡುವ ಮಾರಾಯ’ ಅಂದೆ.

ಹಳೆಯ ಎಂಜಿನ್ನನ್ನು ಮಾತ್ರ ಗುಜರಿಗೆ ಕೊಡಲಿಲ್ಲ. ಮಲೆನಾಡಿನವರು ಏನನ್ನೂ ಎಸೆಯುವುದಿಲ್ಲವಲ್ಲ. ಗೋಣಿ ಹೊದಿಸಿ ಕೊಟ್ಟಿಗೆಯ ಮೂಲೆಯಲ್ಲಿಟ್ಟೆ.

ಶಿಳ್ಳೆಯ ಸುಖ, ರಿಪೇರಿಯ ದುಃಖ

ಸುಳ್ಳು ಹೇಳಬಾರದು, ಸುಖ ಬಹಳ ಇತ್ತು. ಮೊದಲು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರನ್ನು ಮೂರನೆಯದರಲ್ಲೇ ಶಿಳ್ಳೆ ಹಾಕುತ್ತ ಹತ್ತುತ್ತಿತ್ತು. ನಿಟ್ಟೂರಿನ ಕಡೆಯ ಹುಡುಗರು ಬಾನೆಟ್ ಎತ್ತಿಸಿ ನೋಡುತ್ತಿದ್ದರು. ನಾನು ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವುತ್ತಿದ್ದೆ.

ಆದರೆ ಹಳೆಯ ಗಾಡಿಗೆ ಹೊಸ ಬಲ ಬಂದರೆ ಅದು ಎಲ್ಲಿಗೋ ಹೋಗಿ ಮುಟ್ಟಲೇಬೇಕು. ಮೊದಲು ಹಿಂದಿನ ಆಕ್ಸಲ್ ಮುರಿಯಿತು, ಎರಡು ವರ್ಷಕ್ಕೆ ಮತ್ತೊಂದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಯಿತು. ಗೇರ್ ಬಾಕ್ಸಿನ ಹಲ್ಲು ಸವೆಯಿತು. ಎಂಜಿನ್ ಭಾರಕ್ಕೆ ಮುಂದಿನ ಪ್ಲೇಟುಗಳು ಬಾಗಿದವು. ಟರ್ಬೊವಿನ ಸೀಲು ಹೋಗಿ ನೀಲಿ ಹೊಗೆ ಬಂತು, ತಪ್ಪು ನನ್ನದೇ. ಏರು ಹತ್ತಿಸಿ ತಂದ ಕೂಡಲೇ ಎಂಜಿನ್ ಆಫ್ ಮಾಡುವ ಚಟ ನನಗೆ. ಹಾಗೆ ಮಾಡಿದರೆ ಕೆಂಪಗೆ ಕಾದ ಟರ್ಬೊಗೆ ಎಣ್ಣೆ ಬರುವುದು ನಿಂತು, ಅಲ್ಲೇ ಉಳಿದ ಎಣ್ಣೆ ಸೀದು ಕರಿಕಟ್ಟುತ್ತದೆ. ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಆಮೇಲೆ ನಿಲ್ಲಿಸಬೇಕು. ಬೇಸಗೆಯಲ್ಲಿ ನಮ್ಮ ಕೆಂಪು ಧೂಳು ಏರ್ ಫಿಲ್ಟರ್ ತುಂಬಿದರೂ ಟರ್ಬೊಗೆ ಕಷ್ಟ.

ಲೆಕ್ಕ ಬರೆದಿಡುವುದು ನನ್ನ ರೋಗ. 2007ರಿಂದ 2019ರ ಪುಸ್ತಕ ಈಗಲೂ ಇದೆ:

ಎಂಜಿನ್ – 58,000
ಕೂರಿಸಿದ್ದು, ರೇಡಿಯೇಟರ್ ಸಮೇತ – 34,000
ಆಕ್ಸಲ್, ಕ್ರಾಸ್ – 21,000
ಕ್ಲಚ್, ಗೇರ್ ಬಾಕ್ಸ್ – 26,500
ಟರ್ಬೊ ರಿಪೇರಿ – 18,000
ಪ್ಲೇಟು, ಹೋಸು, ಇತರೆ – 20,500
ಒಟ್ಟು – 1,78,000 ರೂಪಾಯಿ

ಡೀಸೆಲ್ಲಿನಿಂದ ಉಳಿದದ್ದೆಷ್ಟು? ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರೂ ಓಡದ ಗಾಡಿ. ಹನ್ನೆರಡು ವರ್ಷಕ್ಕೆ ಹೆಚ್ಚೆಂದರೆ 1,40,000. ಉಳಿಸಲು ಹೋಗಿ ಮೂವತ್ತೆಂಟು ಸಾವಿರ ಕಳೆದಿದ್ದೆ. ಸರಿಯಾಗಿ ನಾನು ಜೀಪು ಕೊಂಡ ಬೆಲೆ!

ಈ ಪುಸ್ತಕದಲ್ಲಿ ‘ಬ್ರೇಕ್’ ಎಂಬ ಸಾಲೇ ಇಲ್ಲದ್ದನ್ನು ನೀವು ಗಮನಿಸಿರಬಹುದು. ನಾನು ಗಮನಿಸಿರಲಿಲ್ಲ.

ಇನ್ನೂ ಒಂದು ವಿಷಯ ಪುಸ್ತಕದಲ್ಲಿ ಇರಲಿಲ್ಲ. ನನ್ನ ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರು ಹಳೆಯದೇ ಇತ್ತು, ಇಂಧನ ‘ಪೆಟ್ರೋಲ್’ ಎಂದೇ ಇತ್ತು. ನೋಂದಣಿ ನವೀಕರಣದ ಸಮಯ ಬಂದಾಗ ಮಧ್ಯವರ್ತಿಯೊಬ್ಬ ‘ನಾನು ನೋಡ್ಕಳ್ತೆ’ ಅಂದ. ಹೇಗೆ ನೋಡಿಕೊಳ್ಳುತ್ತೀಯ ಎಂದು ನಾನು ಕೇಳಲಿಲ್ಲ. ಹತ್ತು ಪೈಸೆಗೆ ರಾತ್ರಿ ಒಂಬತ್ತರವರೆಗೆ ಕೂತವನು ಇಲ್ಲಿ ಕಣ್ಣು ಮುಚ್ಚಿಕೊಂಡೆ.

ಹುಲಿಕಲ್ ಘಾಟಿ

2019ರ ಡಿಸೆಂಬರ್. ಕುಂದಾಪುರದ ಹತ್ತಿರ ನೆಂಟರ ಮನೆಯ ಮದುವೆ. ನಾನು, ನನ್ನ ಹೆಂಡತಿ, ಹನ್ನೆರಡು ವರ್ಷದ ಮೊಮ್ಮಗಳು ಜೀಪಿನಲ್ಲಿ ಹೊರಟೆವು. ಬಟ್ಟೆಮಲ್ಲಪ್ಪ, ಹೊಸನಗರ, ನಗರದ ಕೋಟೆ, ಮಾಸ್ತಿಕಟ್ಟೆ. ಎಲ್ಲ ಹಾಯಾಗಿತ್ತು. ಹುಲಿಕಲ್ಲಿನಲ್ಲಿ ಚಂಡಿಕಾಂಬೆಯ ಗುಡಿಯೆದುರು ನಿಲ್ಲಿಸಿ ಕೈಮುಗಿದು ಘಾಟಿ ಇಳಿಯತೊಡಗಿದೆ. ಬಾಳೆಬರೆ ಘಾಟಿ ಎಂದೂ ಇದಕ್ಕೆ ಹೆಸರು. ಒಂದು ಕಡೆ ಗುಡ್ಡ, ಒಂದು ಕಡೆ ಪ್ರಪಾತ.

ಹಿಂದಿನವರು ಒಂದು ಮಾತು ಹೇಳುತ್ತಿದ್ದರು – ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ. ಹಳೆಯ ಎಂಜಿನ್ ಇದ್ದಾಗ ಆ ಮಾತು ಪಾಲಿಸದೆ ಗತಿಯಿರಲಿಲ್ಲ. ಟರ್ಬೊ ಬಂದ ಮೇಲೆ ಮೂರನೇ ಗೇರಿನಲ್ಲೇ ಹತ್ತಿ ರೂಢಿಯಾಗಿ, ಇಳಿಯುವುದೂ ಮೂರನೆಯದರಲ್ಲೇ ಆಗಿತ್ತು. ಎಂಜಿನ್ ಹಿಡಿದು ನಿಲ್ಲಿಸಬೇಕಾದ ಭಾರವನ್ನೆಲ್ಲ ಬ್ರೇಕಿನ ಮೇಲೆ ಹಾಕಿದ್ದೆ.

ನಾಲ್ಕನೇ ತಿರುವಿನ ಹೊತ್ತಿಗೆ ಸುಟ್ಟ ವಾಸನೆ ಬಂತು. ಐದನೆಯದರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಯಿತು. ಆರನೆಯದರಲ್ಲಿ ಪೆಡಲ್ ನೆಲಕ್ಕೆ ಹೋಯಿತು, ಗಾಡಿ ನಿಲ್ಲಲಿಲ್ಲ.

ಆಮೇಲೆ ಮೇಸ್ತ್ರಿ ವಿವರಿಸಿದ ಕಾರಣ ಎಲ್ಲರೂ ತಿಳಿದಿರಬೇಕಾದ್ದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ನಮ್ಮಂಥ ಮಳೆನಾಡಿನಲ್ಲಿ ಕೇಳುವುದೇ ಬೇಡ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಡ್ರಮ್ ಕಾದಾಗ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ಆಯಿಲನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆಯೇ ಕುಗ್ಗುತ್ತದೆ. ನಾನು ನಾಲ್ಕು ವರ್ಷದಿಂದ ಆ ಆಯಿಲ್ ಬದಲಿಸಿರಲಿಲ್ಲ.

ಎರಡನೇ ಗೇರಿಗೆ ಹಾಕಿದೆ, ಬಿತ್ತು. ಮೊದಲನೆಯದಕ್ಕೆ ಕ್ಲಚ್ ಎರಡು ಸಲ ತುಳಿದೆ, ಆ ವೇಗಕ್ಕೆ ಹಲ್ಲು ಕೂಡಲಿಲ್ಲ, ‘ಕರ್ರ್’ ಎಂದಿತು. ಆ ಸದ್ದು ಈಗಲೂ ಕೆಲವು ರಾತ್ರಿ ಕೇಳುತ್ತದೆ. ಗೇರು ನ್ಯೂಟ್ರಲಿನಲ್ಲಿ ಉಳಿದು ಗಾಡಿ ಮತ್ತೂ ಓಡಿತು. ಹ್ಯಾಂಡ್‌ಬ್ರೇಕ್ ಎಳೆದೆ. ಈ ಜೀಪಿನಲ್ಲಿ ಅದು ಚಕ್ರಗಳನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಗಾಡಿ ನಡುಗಿ ಸ್ವಲ್ಪ ತಗ್ಗಿತು. ಸ್ಟಿಯರಿಂಗನ್ನು ಗುಡ್ಡದ ಕಡೆಗೆ ತಿರುಗಿಸಿದೆ. ಎಡ ಚಕ್ರಗಳು ಚರಂಡಿಗೆ ಇಳಿದವು, ಮಡ್‌ಗಾರ್ಡ್ ಮಣ್ಣು ಕೆರೆಯುತ್ತ ಇಪ್ಪತ್ತು ಮೂವತ್ತು ಅಡಿ ಹೋಗಿ ನಿಂತಿತು.

ಮೊಮ್ಮಗಳ ಹಣೆ ಮುಂದಿನ ಸರಳಿಗೆ ಬಡಿದಿತ್ತು. ರಕ್ತ. ನನ್ನ ಹೆಂಡತಿ ಸೆರಗು ಒತ್ತಿ ಹಿಡಿದು ಒಂದೂ ಮಾತಾಡದೆ ಕೂತಿದ್ದಳು. ಹಿಂದೆ ಬಂದ ಲಾರಿಯವರು ಕೆಳಗೆ ಸಿದ್ದಾಪುರದವರೆಗೆ ಕರೆದೊಯ್ದರು. ಮೂರು ಹೊಲಿಗೆ. ಅಷ್ಟಕ್ಕೇ ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಕೇಳಿದಳು: ‘ಅಜ್ಜಾ, ಎಂಜಿನ್ ಹೊಸತು ಹಾಕ್ಸಿದ್ದೆ. ಬ್ರೇಕ್ ಯಾಕೆ ಹಳೇದೇ ಬಿಟ್ಟಿದ್ದೆ?’

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದಳು. ನನಗೆ ಉತ್ತರ ಹೇಳಲಾಗಲಿಲ್ಲ. ಹದಿನೈದು ಸಾವಿರ ರೂಪಾಯಿ ಎಂದು ಆ ಪಟ್ಟಿ ಕಟ್ಟಿದ ಹಣೆ ನೋಡಿಕೊಂಡು ಹೇಗೆ ಹೇಳುವುದು?

ರಾತ್ರಿ ತೆಗೆದ ಎರಡು ಕಾಗದ

ಮನೆಗೆ ಬಂದ ರಾತ್ರಿ ಆರ್‌ಸಿ ಮತ್ತು ವಿಮೆಯ ಕಾಗದ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂತೆ. ಎರಡರಲ್ಲೂ ಇದ್ದ ಎಂಜಿನ್ ನಂಬರು ಕೊಟ್ಟಿಗೆಯ ಮೂಲೆಯಲ್ಲಿದ್ದ ಎಂಜಿನ್ನಿನದು. ವಿಮಾ ಇಲಾಖೆಯಿಂದ ನಿವೃತ್ತರಾದ ಸ್ನೇಹಿತರನ್ನು ಮಾರನೇ ದಿನ ಕೇಳಿದೆ. ಅವರು ಮೆತ್ತಗೆ ಹೇಳಿದರು: ‘ಆ ತಿರುವಲ್ಲಿ ಯಾರಾದರೂ ಬೈಕಿನವರು ಎದುರು ಬಂದಿದ್ದರೆ, ಕಂಪನಿ ಅವರಿಗೆ ಪರಿಹಾರ ಕೊಟ್ಟರೂ ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದಿತ್ತು.’ ನಮ್ಮ ಒಂದೂವರೆ ಎಕರೆ ತೋಟ ಕಣ್ಣ ಮುಂದೆ ಬಂತು. ಅದಕ್ಕಿಂತ ಮೊದಲು ಆ ಕಾಣದ ಬೈಕಿನವನ ಮನೆ ಕಣ್ಣ ಮುಂದೆ ಬಂತು.

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಗಳಿಗೆ ಹೊಂದದಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿತ್ತು. ಎಂಜಿನ್ ಬದಲಿಸಲೇಬೇಕಾದ ಸಂದರ್ಭ ಬಂದರೆ ಮೊದಲು ನೋಂದಣಿ ಅಧಿಕಾರಿಯ ಅನುಮತಿ ಪಡೆಯಬೇಕು. ಮೊದಲು ಬದಲಿಸಿ ಆಮೇಲೆ ಮಧ್ಯವರ್ತಿಯನ್ನು ಹುಡುಕುವುದಲ್ಲ.

ಮಗ ಫೋನಿನಲ್ಲಿ ‘ಮಾರಿ ಬಿಡು ಅಪ್ಪಯ್ಯ’ ಅಂದ. ಮಾರಬಹುದಿತ್ತು. ಆದರೆ ತಾಳೆಯಾಗದ ಲೆಡ್ಜರನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತಿತ್ತು. ಆ ಜೀಪಿನಲ್ಲಿ ಅವರ ಮೊಮ್ಮಗಳೂ ಕೂರುತ್ತಾಳಲ್ಲ.

ಹಳೆಯ ಎಂಜಿನ್ ಎದ್ದಿತು

ಕೊಟ್ಟಿಗೆಯ ಗೋಣಿ ಎತ್ತಿದಾಗ ಎಂಜಿನ್ನಿನ ಮೇಲೆ ಕೋಳಿಯೊಂದು ಕಾವು ಕೂತಿತ್ತು. ಮರಿ ಆಗುವವರೆಗೆ ಕಾಯಬೇಕೆಂದು ನನ್ನ ಹೆಂಡತಿಯ ಆಜ್ಞೆ. ಅಷ್ಟರಲ್ಲಿ 2020ರ ಮಾರ್ಚ್ ಬಂದು ಲಾಕ್‌ಡೌನ್ ಆಯಿತು. ಜೀಪಿಗೂ ನಮಗೂ ಪುರುಸೊತ್ತೇ ಪುರುಸೊತ್ತು.

ಓಡಾಟ ಶುರುವಾದ ಮೇಲೆ ಮೇಸ್ತ್ರಿ ಬಂದು ನೋಡಿದ. ಈಗ ಅವನಿಗೂ ವಯಸ್ಸಾಗಿದೆ, ಕೆಲಸವೆಲ್ಲ ಮಗನದು. ‘ಬ್ಲಾಕ್ ಒಡೆದಿಲ್ಲ ಭಟ್ರೇ, ಸ್ಲೀವ್ ಹಾಕ್ಸಿದ್ರೆ ಇನ್ನು ಮೂವತ್ತು ವರ್ಷ ಓಡ್ತದೆ. ನಾನೂ ನೀವೂ ಇರೂದಿಲ್ಲ, ಅಷ್ಟೇ’ ಅಂದ. ಶಿವಮೊಗ್ಗಕ್ಕೆ ಕಳಿಸಿ ನಾಲ್ಕು ಸಿಲಿಂಡರಿಗೂ ಹೊಸ ಸ್ಲೀವ್ ಹಾಕಿಸಿದೆವು. ನೀರಿನ ದಾರಿಯಲ್ಲಿ ಗಟ್ಟಿಯಾಗಿದ್ದ ತುಕ್ಕನ್ನು ಕೆರೆದು ತೆಗೆದರು. ಪಿಸ್ಟನ್, ರಿಂಗು, ವಾಲ್ವು ಹೊಸವು.

ಈ ಸಲ ಮೊದಲು ಮಾಡಿಸಿದ್ದು ಬ್ರೇಕು. ನಾಲ್ಕೂ ಚಕ್ರದ ಲೈನಿಂಗ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸು, ಪೈಪು, ಆಯಿಲ್. ಒಟ್ಟು ಖರ್ಚು 96,000 ರೂಪಾಯಿ. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ‘ಬ್ರೇಕ್’ ಎಂದು ಮೊಮ್ಮಗಳ ಕೈಯಲ್ಲೇ ಬರೆಸಿದೆ. ಹಿಂದೆ ಮುಂದೆ ಎಲ್ಲ ಸೀಟಿಗೂ ಬೆಲ್ಟ್ ಹಾಕಿಸಿದ್ದು ಎರಡನೇ ಸಾಲು.

ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ, ಇಪ್ಪತ್ತು ಸಾವಿರ ಶುಲ್ಕ, ಹತ್ತು ವರ್ಷದ ಅವಧಿ. ಈಗ ನನ್ನ ಜೀಪು ಅದಕ್ಕೆ ಲಾಯಕ್ಕು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಓಡಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ನನಗೆ ಅಡಿಕೆ ಮೂಟೆ ಹೊರುವ ಜೀಪು ಬೇಕು. ಹಾಗಾಗಿ ಮಾಮೂಲಿ ನೋಂದಣಿಯನ್ನೇ ಮುಂದುವರಿಸಿದೆ. ಐದು ವರ್ಷಕ್ಕೊಮ್ಮೆ ಮಾಡಿಸುವ ಈ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿಸಿದ್ದರು. ಕಟ್ಟಿದೆ. ಮಧ್ಯವರ್ತಿ ಇಲ್ಲದೆ ನಾನೇ ಜೀಪು ಓಡಿಸಿಕೊಂಡು ಹೋದೆ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ, ಬಟ್ಟೆಯಲ್ಲಿ ಎಂಜಿನ್ ನಂಬರ್ ಒರೆಸಿ ಒಂದೊಂದೇ ಅಂಕಿ ಓದಿದರು. ನಾನು ಕೈಯಲ್ಲಿ ಆರ್‌ಸಿ ಹಿಡಿದು ಒಂದೊಂದಕ್ಕೂ ಹೂಂಗುಟ್ಟಿದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾದಾಗ ಆಗುತ್ತಿದ್ದ ಹಗುರ, ಬಹಳ ವರ್ಷದ ಮೇಲೆ ಮತ್ತೆ ಆಯಿತು.

ಟರ್ಬೊ ಎಂಜಿನ್ ಏನಾಯಿತು ಎಂದು ಕೇಳುತ್ತೀರಿ. ಕೊಳ್ಳಲು ಮೂರು ಜನ ಬಂದಿದ್ದರು, ಮೂವರೂ ಹಳೆಯ ಜೀಪಿನವರೇ. ಕೊಡಲಿಲ್ಲ. ಜಿಲ್ಲೆಯ ಒಂದು ತಾಂತ್ರಿಕ ಶಾಲೆಗೆ ಕೊಟ್ಟೆ. ಅಲ್ಲಿನ ಮೇಷ್ಟ್ರು ಟರ್ಬೊವನ್ನು ನಡುವೆ ಸೀಳಿಸಿ, ಎರಡೂ ಚಕ್ರಗಳು ಕಾಣುವಂತೆ ಬಣ್ಣ ಹೊಡೆಸಿ ಮೇಜಿನ ಮೇಲಿಟ್ಟಿದ್ದಾರೆ. ಊದಿದರೆ ಈಗಲೂ ತಿರುಗುತ್ತದೆ.

ಟರ್ಬೊ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಟರ್ಬೊ ಇರುವ ಗಾಡಿಗೆ ಅದನ್ನು ಮಾಡಿದವರು ತಕ್ಕ ಗೇರು, ತಕ್ಕ ಆಕ್ಸಲ್, ತಕ್ಕ ಬ್ರೇಕು ಎಲ್ಲ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ನಾನು ಜಮೆಯನ್ನಷ್ಟೇ ಬರೆದುಕೊಂಡು ಖರ್ಚಿನ ಪುಟವನ್ನು ಖಾಲಿ ಬಿಟ್ಟಿದ್ದೆ. ಬಿ.ಕಾಂ. ಮೊದಲ ವರ್ಷದಲ್ಲೇ ಕಲಿತ ಪಾಠ, ಎಪ್ಪತ್ತರ ಹತ್ತಿರ ಬಂದ ಮೇಲೆ ಹುಲಿಕಲ್ಲಿನ ತಿರುವಿನಲ್ಲಿ ಮತ್ತೆ ಕಲಿಯಬೇಕಾಯಿತು.

ಮೊಮ್ಮಗಳಿಗೆ ಈಗ ಹದಿನೆಂಟು. ಕಲಿಕಾ ಲೈಸೆನ್ಸ್ ಮಾಡಿಸಿದ್ದಾಳೆ. ಹಣೆಯ ಗುರುತು ಕೂದಲಿನ ಅಂಚಿನಲ್ಲಿ ಸಣ್ಣಗೆ ಉಳಿದಿದೆ. ಮೊನ್ನೆ ಕೊನೆ ಕೊಯ್ಲಿನ ಸಮಯದಲ್ಲಿ ತೋಟದ ದಾರಿಯಲ್ಲಿ ಜೀಪು ಕಲಿಸಲು ಕೂರಿಸಿದೆ. ಹೊಳೆಯ ಕಡೆಗೆ ಇಳಿಯುವ ದಾರಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವಳು ಮೇಲೇ ಗಾಡಿ ನಿಲ್ಲಿಸಿ, ಬ್ರೇಕ್ ಒಮ್ಮೆ ತುಳಿದು ನೋಡಿ, ಮೊದಲ ಗೇರಿಗೆ ಹಾಕಿದಳು. ಸದ್ದೇ ಆಗಲಿಲ್ಲ. ಜೀಪು ಬಸುರಿ ಎಮ್ಮೆಯಂತೆ ನಿಧಾನಕ್ಕೆ ಇಳಿಯಿತು.

‘ಅಜ್ಜಾ, ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗ್ತಾ ಬಂತು’ ಅಂದಳು, ಕಣ್ಣು ದಾರಿಯ ಮೇಲೇ ಇಟ್ಟು.

ಪುಸ್ತಕ ಈಗ ಅವಳ ಹತ್ತಿರವೇ ಇದೆ.

ಮಳೆನಾಡಿನಲ್ಲಿ ಹಳೆಯ ಗಾಡಿ ಸಾಕುವವರಿಗೆ

* ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಡಬ್ಬಿ ಒಮ್ಮೆ ಒಡೆದರೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ, ಅದು ತೇವ ಹೀರಿರುತ್ತದೆ.
* ಹಳ್ಳ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕಾರು ಸಲ ತುಳಿದು ಲೈನಿಂಗ್ ಒಣಗಿಸಿ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ, ಕೂಡಲೇ ಬದಲಿಸಿ.
* ಮಳೆಗಾಲದಲ್ಲಿ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸಿ. ಟಾರ್ಪಾಲನ್ನು ಮೈಗೆ ತಾಗುವಂತೆ ಹೊದಿಸಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ, ಗಾಳಿಯಾಡುವ ಮಾಡಿನಡಿ ನಿಲ್ಲಿಸುವುದೇ ಒಳ್ಳೆಯದು.
* ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ವೈರನ್ನು ಇಲಿ ಕಡಿದಿದೆಯೇ ನೋಡಿ.
* ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಎಥನಾಲ್ ತಡೆಯುವ ಹೋಸು ಹಾಕಿಸಿ, ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಹಳಸಲು ಬಿಡಬೇಡಿ.
* ಟರ್ಬೊ ಇರುವ ಗಾಡಿಯಾದರೆ ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಘಾಟಿ ಹತ್ತಿ ಬಂದ ಕೂಡಲೇ ಆಫ್ ಮಾಡಬೇಡಿ.
* ಆರ್‌ಸಿ ತೆಗೆದು, ಬಾನೆಟ್ ಎತ್ತಿ, ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್ ಒಮ್ಮೆ ತಾಳೆ ನೋಡಿ. ಹಳೆಯ ಗಾಡಿ ಕೊಳ್ಳುವ ಮೊದಲಂತೂ ಖಂಡಿತ ನೋಡಿ.